ಕ್ಯಾಚ್ ಕ್ಯಾನ್ ಇಟ್ಟವರು ಚಳಿಗಾಲದಲ್ಲಿ ಅದನ್ನು ಬರಿದು ಮಾಡಲೇಬೇಕು



ವಿಜ್ಞಾನದ ಮೇಷ್ಟರಾಗಿದ್ದವರು ಮೋಟಾರು ರಿಪೇರಿಯ ವಿಷಯ ಬರೆಯಲು ಏಕೆ ಹೊರಟರು ಎಂದು ನೀವು ಹುಬ್ಬೇರಿಸಬಹುದು. ಕಳೆದ ತಿಂಗಳು ಕೆನಡಾದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, "ಸಾರ್, ಹೊಸದಾಗಿ ಕಾರಿಗೆ ಆಯಿಲ್ ಕ್ಯಾಚ್ ಕ್ಯಾನ್ ಹಾಕಿಸಿದ್ದೇನೆ, ಇನ್ನು ಇಂಜಿನ್ನಿನ ಚಿಂತೆಯಿಲ್ಲ" ಎಂದ. ಅದನ್ನು ಕೊನೆಯ ಬಾರಿ ಬರಿದು ಮಾಡಿದ್ದು ಯಾವಾಗ ಎಂದು ಕೇಳಿದೆ. "ಬರಿದು ಮಾಡುವುದೇ?" ಎಂದು ಆತ ನನ್ನನ್ನೇ ಕೇಳಿದ. ಆ ಮರುಪ್ರಶ್ನೆಗೆ ಉತ್ತರವಾಗಿ ಈ ಲೇಖನ. ಚಳಿನಾಡುಗಳಲ್ಲಿ ನೆಲೆಸಿರುವ ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಹಾಕುತ್ತಿದ್ದೇನೆ.

ನಾನು ನಿವೃತ್ತನಾದದ್ದು 2018ರಲ್ಲಿ. ಆ ವರ್ಷದ ಕೊನೆಯಲ್ಲಿ ನಾನೂ ನನ್ನ ಶ್ರೀಮತಿಯೂ ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದ ಹೊರವಲಯದಲ್ಲಿರುವ ಮಗನ ಮನೆಗೆ ಹೋದೆವು. ಮಲೆನಾಡಿನ ಮಾರ್ಗಶಿರದ ಚಳಿಯನ್ನೇ ದೊಡ್ಡದೆಂದು ತಿಳಿದಿದ್ದ ನಮಗೆ ಅಲ್ಲಿ ಕಂಡದ್ದು ಬೇರೆಯೇ ಲೋಕ. 2019ರ ಜನವರಿ 30ರ ಬೆಳಿಗ್ಗೆ ಮಿನಿಯಾಪೊಲಿಸ್‌ನಲ್ಲಿ ಉಷ್ಣತೆ ಶೂನ್ಯಕ್ಕಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಕಪ್ಪುಹಲಗೆಯ ಮೇಲೆ 'ಘನೀಭವನ', 'ಹೆಪ್ಪುಗಟ್ಟುವಿಕೆ' ಎಂದು ಬರೆದು ಅಳಿಸಿದ್ದವನು, ಆ ಪದಗಳ ನಿಜವಾದ ಅರ್ಥವನ್ನು ಕಂಡದ್ದು ಅಲ್ಲಿಯೇ.

ಮಗನ ಮನೆಯಲ್ಲಿ ಎರಡು ಕಾರುಗಳಿದ್ದವು. ಸೊಸೆ ಓಡಿಸುತ್ತಿದ್ದ ಕಾರಿಗೆ ಅವನು ಹಿಂದಿನ ಬೇಸಿಗೆಯಲ್ಲಿ ಒಂದು ಕ್ಯಾಚ್ ಕ್ಯಾನ್ ಹಾಕಿಸಿದ್ದ. ಬಾನೆಟ್ ತೆರೆದು ಹೆಮ್ಮೆಯಿಂದ ತೋರಿಸಿದ. ನಮ್ಮ ಸ್ಟೀಲ್ ಲೋಟಕ್ಕಿಂತ ಸ್ವಲ್ಪ ದೊಡ್ಡದಾದ, ಮುಚ್ಚಳವಿರುವ ಅಲ್ಯೂಮಿನಿಯಂ ಡಬ್ಬಿ. ಮೇಲೆ ಎರಡು ರಬ್ಬರ್ ಕೊಳವೆ, ಕೆಳಗೊಂದು ಪುಟ್ಟ ನಲ್ಲಿ. ಅದರ ಕೆಲಸವೇನೆಂದು ಕೇಳಿ ತಿಳಿದುಕೊಂಡೆ. ಗೊತ್ತಿಲ್ಲದವರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ.

ಇಂಜಿನ್ನಿನ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಹುಟ್ಟುವ ಅನಿಲದ ಬಹುಪಾಲು ಹೊಗೆಕೊಳವೆಯಿಂದ ಹೊರಹೋಗುತ್ತದೆ. ಆದರೆ ಪಿಸ್ಟನ್ನಿಗೆ ಎಷ್ಟೇ ಬಿಗಿಯಾದ ರಿಂಗುಗಳಿದ್ದರೂ ಅಲ್ಪಭಾಗ ಅವುಗಳ ಸಂದಿಯಿಂದ ನುಸುಳಿ ಕೆಳಗಿನ ಕ್ರಾಂಕ್‌ಕೇಸಿಗೆ, ಅಂದರೆ ಇಂಜಿನ್ ಆಯಿಲ್ ಇರುವ ಕೋಣೆಗೆ, ಇಳಿಯುತ್ತದೆ. ಇದನ್ನು ಬ್ಲೋ-ಬೈ ಎನ್ನುತ್ತಾರೆ. ಅದನ್ನು ಹೊರಗೆ ಬಿಡದಿದ್ದರೆ ಒಳಗೆ ಒತ್ತಡ ಏರುತ್ತದೆ. ಹಿಂದಿನ ಕಾಲದ ಕಾರುಗಳಲ್ಲಿ ಒಂದು ಕೊಳವೆ ಇಟ್ಟು ಈ ಅನಿಲವನ್ನು ನೇರವಾಗಿ ರಸ್ತೆಗೇ ಬಿಡುತ್ತಿದ್ದರು. ಲಾಸ್ ಏಂಜಲಿಸ್ ನಗರವನ್ನು ಕವಿಯುತ್ತಿದ್ದ ಹೊಗೆಮಂಜಿಗೆ ವಾಹನಗಳಿಂದ ಬರುವ ಹೈಡ್ರೋಕಾರ್ಬನ್ನುಗಳೂ ಕಾರಣವೆಂದು 1950ರ ದಶಕದಲ್ಲಿ ಹಾಗನ್-ಸ್ಮಿತ್ ಎಂಬ ರಸಾಯನ ವಿಜ್ಞಾನಿ ತೋರಿಸಿಕೊಟ್ಟರು. ತರುವಾಯ 1961ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು ಕ್ಯಾಲಿಫೋರ್ನಿಯಾದಲ್ಲಿ, ಬಳಿಕ ಎಲ್ಲೆಡೆ, ಈ ಅನಿಲವನ್ನು ಪಿ.ಸಿ.ವಿ. ಎಂಬ ಕವಾಟದ ಮೂಲಕ ಮತ್ತೆ ಇಂಜಿನ್ನಿಗೇ ಎಳೆದುಕೊಂಡು ಸುಟ್ಟುಬಿಡುವ ವ್ಯವಸ್ಥೆ ಬಂದಿತು. ಉತ್ತಮ ಉಪಾಯ. ಆದರೆ ಆ ಅನಿಲದೊಡನೆ ಎಣ್ಣೆಯ ಆವಿಯೂ ಬರುತ್ತದೆ.

ಹಳೆಯ ಬಗೆಯ ಇಂಜಿನ್ನುಗಳಲ್ಲಿ ಇದು ದೊಡ್ಡ ತೊಂದರೆಯಾಗಿರಲಿಲ್ಲ. ಪೆಟ್ರೋಲ್ ಒಳಸೇರುವ ಕವಾಟಗಳ ಮೇಲೆಯೇ ಚಿಮ್ಮುತ್ತಿದ್ದುದರಿಂದ ಅವು ತೊಳೆದುಹೋಗುತ್ತಿದ್ದವು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಇಂಜಿನ್ನುಗಳಲ್ಲಿ ಕವಾಟಗಳಿಗೆ ಆ ಸ್ನಾನವಿಲ್ಲ. ಎಣ್ಣೆಯ ಆವಿ ಅವುಗಳ ಬೆನ್ನ ಮೇಲೆ ಕಪ್ಪು ಇಂಗಾಲವಾಗಿ ಕೂರುತ್ತದೆ. ದೋಸೆಕಾವಲಿಯ ಅಂಚಿಗೆ ವರ್ಷಗಟ್ಟಲೆ ಕೂತ ಜಿಡ್ಡಿನಂತೆ. ಅದನ್ನು ತಡೆಯಲು ಪಿ.ಸಿ.ವಿ. ಕೊಳವೆಯ ನಡುವೆ ಈ ಡಬ್ಬಿಯನ್ನು ಜೋಡಿಸುತ್ತಾರೆ. ಇಡ್ಲಿಪಾತ್ರೆಯ ಮುಚ್ಚಳದ ಒಳಗೆ ಹನಿ ಕಟ್ಟುವುದನ್ನು ನೀವೆಲ್ಲ ಕಂಡಿದ್ದೀರಿ. ಡಬ್ಬಿಯೊಳಗೂ ಅದೇ ತತ್ತ್ವ: ಬಿಸಿ ಆವಿ ತಣ್ಣನೆಯ ಲೋಹದ ಗೋಡೆಗೂ ಬಲೆಗೂ ತಾಗಿ ಹನಿಯಾಗಿ ತಳಕ್ಕಿಳಿಯುತ್ತದೆ, ಶುದ್ಧವಾದ ಅನಿಲ ಮುಂದೆ ಸಾಗುತ್ತದೆ.

ಇಲ್ಲಿಯವರೆಗೆ ಎಲ್ಲವೂ ಸರಿ. ತೊಡಕು ಬರುವುದು ಚಳಿಗಾಲದಲ್ಲಿ.

ಪೆಟ್ರೋಲ್ ಉರಿದರೆ ಏನು ಹುಟ್ಟುತ್ತದೆ? ಹತ್ತನೆಯ ತರಗತಿಯಲ್ಲಿ ನಿಮ್ಮಿಂದ ಎಷ್ಟು ಸಲ ಸಮೀಕರಣ ಬರೆಸಿದ್ದೇನೆ! ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಪೆಟ್ರೋಲನ್ನು ಆಕ್ಟೇನ್ ಎಂದೇ ಇಟ್ಟುಕೊಂಡು ಲೆಕ್ಕ ಮಾಡಿ: 228 ಗ್ರಾಂ ಆಕ್ಟೇನ್ ಉರಿದರೆ 324 ಗ್ರಾಂ ನೀರು. ಅಂದರೆ ಒಂದು ಲೀಟರ್ ಪೆಟ್ರೋಲ್ ಉರಿದಾಗ ಸರಿಸುಮಾರು ಒಂದು ಲೀಟರ್ ನೀರೇ ಹುಟ್ಟುತ್ತದೆ. ಹೆಚ್ಚಿನ ತೂಕ ಬರುವುದು ಗಾಳಿಯ ಆಮ್ಲಜನಕದಿಂದ. ಇದರಲ್ಲಿ ಹೆಚ್ಚುಪಾಲು ಹೊಗೆಕೊಳವೆಯಲ್ಲಿ ಆವಿಯಾಗಿ ಹೋದರೂ ಬ್ಲೋ-ಬೈ ಜೊತೆಗೆ ಒಂದಿಷ್ಟು ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ, ಅದೂ ದೂರ ಪ್ರಯಾಣದಲ್ಲಿ, ಇಂಜಿನ್ನೂ ಡಬ್ಬಿಯೂ ಬಿಸಿಯಾಗಿರುವುದರಿಂದ ಈ ನೀರು ಆವಿಯಾಗಿಯೇ ಮುಂದೆ ಹೋಗುತ್ತದೆ. ಡಬ್ಬಿಯಲ್ಲಿ ಉಳಿಯುವುದು ಮುಖ್ಯವಾಗಿ ಕಪ್ಪು ಎಣ್ಣೆ. ಚಳಿಗಾಲದಲ್ಲಿ ಡಬ್ಬಿ ಮಂಜುಗಡ್ಡೆಯಷ್ಟು ತಣ್ಣಗಿರುತ್ತದೆ. ಬಂದ ನೀರಾವಿಯೆಲ್ಲ ಅಲ್ಲಿಯೇ ಹನಿಗೂಡಿ, ಎಣ್ಣೆ ಹಾಗೂ ಒಂದಿಷ್ಟು ಪೆಟ್ರೋಲಿನೊಂದಿಗೆ ಬೆರೆತು, ಹಾಲು ಹೆಚ್ಚಾದ ಕಾಫಿಯ ಬಣ್ಣದ ಗಸಿಯಾಗುತ್ತದೆ. ಹೀಗಾಗಿ ಕಡಿಮೆ ಓಡಿಸುವ ಚಳಿಗಾಲದಲ್ಲಿಯೇ ಡಬ್ಬಿ ಬೇಗ ತುಂಬುತ್ತದೆ. ನನ್ನ ಮಗ ಎಡವಿದ್ದು ಇಲ್ಲಿಯೇ. "ಈಗ ಓಡಾಟ ಕಡಿಮೆಯಲ್ಲವೇ ಅಪ್ಪಾ, ಮಾರ್ಚಿಯಲ್ಲಿ ತೆಗೆದರಾಯಿತು" ಎಂದು ಅವನ ಎಣಿಕೆ. ಸೊಸೆಯ ಕಚೇರಿ ಮನೆಯಿಂದ ಆರು ಕಿಲೋಮೀಟರು. ಇಂಜಿನ್ ಪೂರ್ತಿ ಬಿಸಿಯಾಗುವಷ್ಟರಲ್ಲಿ ಕಾರು ನಿಲ್ಲಿಸುವ ಹೊತ್ತು. ಇಂಥ ಅಲ್ಪ ಪ್ರಯಾಣಗಳೇ ಅತಿ ಹೆಚ್ಚು ನೀರನ್ನು ಕೂಡಿಹಾಕುತ್ತವೆ ಎಂಬುದು ನಮಗೆ ಆಗ ಹೊಳೆಯಲಿಲ್ಲ.

ಫೆಬ್ರುವರಿಯ ಒಂದು ಬೆಳಿಗ್ಗೆ, ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಸೊಸೆ ಮೊಮ್ಮಗಳನ್ನು ಶಾಲೆಗೆ ಬಿಡಲು ಹೊರಟಳು. ಅರ್ಧ ದಾರಿಯಲ್ಲಿ ಸುಟ್ಟ ಎಣ್ಣೆಯ ವಾಸನೆ. ಮರುಕ್ಷಣ ಎಣ್ಣೆಯ ಕೆಂಪು ದೀಪ. ಅವಳು ವಿವೇಕಿ, ತಕ್ಷಣ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದಳು. ಇಂಜಿನ್ ಆರಿಸಿದರೆ ಕಾರಿನೊಳಗಿನ ಬಿಸಿಗಾಳಿಯೂ ನಿಲ್ಲುತ್ತದೆ. ನನ್ನ ಮಗ ಇನ್ನೊಂದು ಕಾರಿನಲ್ಲಿ ಅಲ್ಲಿಗೆ ತಲುಪಲು ಇಪ್ಪತ್ತೈದು ನಿಮಿಷ ಹಿಡಿಯಿತು. ನಾನೂ ಅವನೊಡನೆ ಹೋಗಿದ್ದೆ. ಹಿಂದಿನ ಸೀಟಿನಲ್ಲಿ ತಾಯಿಯೂ ಮಗುವೂ ಒಂದೇ ಕಂಬಳಿಯೊಳಗೆ ಮುದುಡಿ ಕುಳಿತಿದ್ದರು. ಕಿಟಕಿಯ ಗಾಜಿನ ಒಳಮೈಯಲ್ಲಿ ಅವರ ಉಸಿರೇ ಹೆಪ್ಪುಗಟ್ಟಿತ್ತು. ಮಗುವಿನ ಕೆನ್ನೆ ಮುಟ್ಟಿದ ನನ್ನ ಕೈಗೆ ಆದ ಅನುಭವವನ್ನು ಇಂದಿಗೂ ಮರೆತಿಲ್ಲ. ಯಾರಿಗೂ ಅಪಾಯವಾಗಲಿಲ್ಲ, ದೇವರ ದಯೆ. ಆ ಕಂಬಳಿ ಕಾರಿನಲ್ಲಿ ಇಲ್ಲದೇ ಹೋಗಿದ್ದರೆ ಎಂಬ ಯೋಚನೆ ಮಾತ್ರ ಬಹಳ ದಿನ ಕಾಡಿತು.

ಮೆಕ್ಯಾನಿಕ್ ನೋಡಿ ಹೇಳಿದ್ದಿಷ್ಟು. ಡಬ್ಬಿ ತುಂಬಿ ಒಳಗಿನ ನೀರು ಗಡ್ಡೆ ಕಟ್ಟಿತ್ತು. ಹೊರಹೋಗುವ ಕೊಳವೆಯ ಬಾಯಿ ಮುಚ್ಚಿಹೋಗಿತ್ತು. ಸಾಮಾನ್ಯವಾಗಿ ಒಂದು ದಾರಿ ಕಟ್ಟಿದರೆ, ತಾಜಾ ಗಾಳಿ ಒಳಬರುವ ಇನ್ನೊಂದು ಕೊಳವೆಯಿಂದ ಅನಿಲ ಹಿಮ್ಮುಖವಾಗಿ ಹೊರಬರುತ್ತದೆ. ಆದರೆ ಆ ಅನಿಲವೂ ನೀರಾವಿ ಹೊತ್ತದ್ದೇ. ಕೊರೆಯುವ ಚಳಿಯಲ್ಲಿ ಆ ಕೊಳವೆಯೂ ಹೆಪ್ಪುಗಟ್ಟಿತ್ತು. ಎರಡು ಬಾಗಿಲೂ ಮುಚ್ಚಿದ ಕೋಣೆಯಲ್ಲಿ ಒತ್ತಡ ಏರಿ, ಡಿಪ್‌ಸ್ಟಿಕ್ ತನ್ನ ಜಾಗದಿಂದ ಎದ್ದುಬಂದಿತ್ತು. ಹಿಂಬದಿಯ ಆಯಿಲ್ ಸೀಲ್ ಕಿತ್ತು ಎಣ್ಣೆ ಸೋರಿಹೋಗಿತ್ತು. ಆ ಸೀಲಿನ ಬೆಲೆ ಅಲ್ಪ; ಅದನ್ನು ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕಾದ್ದರಿಂದ ಕೂಲಿಯೇ ದೊಡ್ಡದಾಯಿತು. ಡಬ್ಬಿ ಜೋಡಿಸಿಕೊಟ್ಟ ಅಂಗಡಿಯವರನ್ನು ಮಗ ಕೇಳಿದ್ದಕ್ಕೆ, ಬರಿದು ಮಾಡುವುದು ಮಾಲೀಕರ ಕೆಲಸ ಎಂದರಂತೆ. ಜೋಡಿಸಿದ ದಿನ ಆ ಮಾತನ್ನು ಅವರು ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ. ತಪ್ಪು ಇಬ್ಬರದೂ ಎನ್ನುವುದು ನನ್ನ ತೀರ್ಪು.

ಈ ವಿಷಯದಲ್ಲಿ ಬಲ್ಲವರಲ್ಲಿಯೇ ಎರಡು ಪಂಗಡಗಳಿವೆ. ಕಾರು ತಯಾರಿಸುವವರೇ ಇಂಜಿನ್ನಿನೊಳಗೆ ಎಣ್ಣೆ ಬೇರ್ಪಡಿಸುವ ಏರ್ಪಾಡು ಮಾಡಿರುತ್ತಾರೆ, ಈಚಿನ ಕೆಲವು ಇಂಜಿನ್ನುಗಳಲ್ಲಿ ಎರಡೂ ಬಗೆಯ ಸಿಂಪಡಣೆ ಇರುವುದರಿಂದ ಕವಾಟಗಳು ತೊಳೆಯಲ್ಪಡುತ್ತವೆ, ಆದ್ದರಿಂದ ಡಬ್ಬಿ ಬೇಡವೇ ಬೇಡ ಎನ್ನುವವರು ಒಂದು ಕಡೆ. ಡಬ್ಬಿಯಿಂದ ತೆಗೆದ ಕಪ್ಪು ಎಣ್ಣೆಯನ್ನು ಸೀಸೆಯಲ್ಲಿ ಹಿಡಿದು, "ನೋಡಿ, ಇದೆಲ್ಲ ನಿಮ್ಮ ಇಂಜಿನ್ನಿನ ಹೊಟ್ಟೆ ಸೇರುತ್ತಿತ್ತು" ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ನನ್ನ ನಿಲುವು ಇವೆರಡಕ್ಕೂ ಹೊರತಾದದ್ದು: ಡಬ್ಬಿ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ತೀರ್ಮಾನಿಸುವುದು ಡಬ್ಬಿಯಲ್ಲ, ಅದನ್ನು ಬರಿದು ಮಾಡುವ ಕೈ. ವಾರಕ್ಕೊಮ್ಮೆ ಬಾನೆಟ್ ತೆರೆಯುವ ವ್ಯವಧಾನ ಇರುವವರು ಧಾರಾಳವಾಗಿ ಇಟ್ಟುಕೊಳ್ಳಲಿ. ಇಲ್ಲದವರು, ನೀರು ಹೆಪ್ಪುಗಟ್ಟುವ ತಿಂಗಳುಗಳಲ್ಲಿ ಅದನ್ನು ಕಳಚಿ, ಕಾರಿನೊಡನೆ ಬಂದ ಮೂಲ ಕೊಳವೆಯನ್ನೇ ಮತ್ತೆ ಜೋಡಿಸಿಬಿಡಲಿ.

"ಹಾಗೆ ಮಾಡಿದರೆ ಮೂರು ತಿಂಗಳು ಕವಾಟಗಳ ಮೇಲೆ ಇಂಗಾಲ ಕೂರುವುದಿಲ್ಲವೇ?" ಎಂದು ನನ್ನ ಮಗ ವಾದಿಸಿದ. ಕೂರುತ್ತದೆ. ಆದರೆ ಇಂಗಾಲ ತೊಂದರೆ ಕೊಡುವಷ್ಟು ಬೆಳೆಯಲು ಹತ್ತಾರು ಸಾವಿರ ಕಿಲೋಮೀಟರು ಬೇಕು. ಬೆಳೆದರೂ ಅದನ್ನು ಕೆರೆದು ತೆಗೆಸಬಹುದು. ಮಂಜುಗಡ್ಡೆ ಕಟ್ಟಲು ಒಂದು ರಾತ್ರಿ ಸಾಕು. ನಿಧಾನವಾದ ಹಾನಿಯನ್ನು ತಪ್ಪಿಸಲು ಹೋಗಿ ಹಠಾತ್ ಹಾನಿಯನ್ನು ಬರಮಾಡಿಕೊಳ್ಳುವುದು ಜಾಣತನವಲ್ಲ.

ಇಟ್ಟುಕೊಳ್ಳುವವರಿಗೆ ನಾವು ಅನುಭವದಿಂದ ಕಂಡುಕೊಂಡ ಕೆಲವು ಕ್ರಮಗಳನ್ನು ತಿಳಿಸುತ್ತೇನೆ. ಬೇಸಿಗೆಯಲ್ಲಿ ಎರಡು ಮೂರು ಸಾವಿರ ಕಿಲೋಮೀಟರಿಗೊಮ್ಮೆ ನೋಡಿದರೆ ನಡೆದೀತು. ಹಿಮ ಬೀಳತೊಡಗಿದ ಮೇಲೆ ಪೆಟ್ರೋಲ್ ತುಂಬಿಸಿದಾಗಲೆಲ್ಲ, ಚಳಿ ವಿಪರೀತವಾದಾಗ ವಾರಕ್ಕೊಮ್ಮೆ, ತಪ್ಪದೆ ಬರಿದು ಮಾಡಬೇಕು. ಸಂಜೆ ಮನೆಗೆ ಬಂದು ಇಂಜಿನ್ ಆರಿಸಿದ ಸ್ವಲ್ಪ ಹೊತ್ತಿಗೆ, ಡಬ್ಬಿ ಇನ್ನೂ ಉಗುರುಬೆಚ್ಚಗಿರುವಾಗ ಮಾಡುವುದು ಉತ್ತಮ. ಬೆಳಗಿನವರೆಗೆ ಬಿಟ್ಟರೆ ಒಳಗಿರುವುದು ಕಲ್ಲಾಗಿ ನಲ್ಲಿಯಿಂದ ಇಳಿಯುವುದಿಲ್ಲ. ನೀರು ಗಡ್ಡೆಯಾದಾಗ ಶೇಕಡಾ 9ರಷ್ಟು ಹಿಗ್ಗುತ್ತದೆ ಎಂಬುದನ್ನೂ ಮರೆಯಬೇಡಿ. ಆ ದ್ರವದಲ್ಲಿ ಪೆಟ್ರೋಲೂ ಇರುವುದರಿಂದ ಬೆಂಕಿಯ ಹತ್ತಿರ, ಗ್ಯಾರೇಜಿನಲ್ಲಿ ಸದಾ ಉರಿಯುವ ಬಾಯ್ಲರಿನ ಕಿರುಜ್ವಾಲೆಯ ಹತ್ತಿರ, ಈ ಕೆಲಸ ಕೂಡದು. ಕೈಗವಸು ಇರಲಿ. ಬಳಿಕ ನಲ್ಲಿಯನ್ನು ಬಿಗಿಯಾಗಿ ಮುಚ್ಚಿ, ಕೊಳವೆಗಳು ಸಡಿಲವಾಗಿಲ್ಲವೆಂದು ನೋಡಿ. ಸಡಿಲವಾಗಿದ್ದರೆ ಇಂಜಿನ್ ಹೊರಗಾಳಿಯನ್ನು ಎಳೆದುಕೊಂಡು ಎಚ್ಚರಿಕೆಯ ದೀಪ ಹತ್ತುತ್ತದೆ.

ಡಬ್ಬಿಯ ದ್ರವ ಹಾಲಿನಂತಿದ್ದರೆ ಗಾಬರಿ ಬೇಡ. ನನ್ನ ಮಗ ಮೊದಲ ಸಲ ಅದನ್ನು ಕಂಡು ಹೆಡ್ ಗ್ಯಾಸ್ಕೆಟ್ ಹೋಯಿತೆಂದೇ ಹೆದರಿದ್ದ. ಚಳಿಗಾಲದ ಡಬ್ಬಿಯಲ್ಲಿ ಅದು ಸಹಜ. ಆದರೆ ರೇಡಿಯೇಟರಿನ ದ್ರವವೂ ಕಡಿಮೆಯಾಗುತ್ತಿದ್ದರೆ, ಅಥವಾ ದೂರ ಪ್ರಯಾಣದ ನಂತರವೂ ಡಿಪ್‌ಸ್ಟಿಕ್ಕಿನ ಎಣ್ಣೆಯೇ ಹಾಲಿನ ಬಣ್ಣದ್ದಾಗಿದ್ದರೆ, ಅದು ಬೇರೆ ರೋಗ; ಕೂಡಲೇ ತೋರಿಸಬೇಕು.

ಇನ್ನು, ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ರಿಪೇರಿಯಾದ ಮೇಲೆ ಡಬ್ಬಿ ಬರಿದು ಮಾಡುವ ಕೆಲಸವನ್ನು ನಾನೇ ವಹಿಸಿಕೊಂಡೆ. ಮೊದಲ ವಾರ ಅದರಿಂದ ಬಂದ ಅರ್ಧ ಲೋಟ ಗಸಿಯನ್ನು ಹಿತ್ತಿಲ ಬೇಲಿಯ ಬುಡಕ್ಕೆ ಸುರಿದೆ. ನಮ್ಮ ಕಡೆ ಗೆದ್ದಲು ಹಿಡಿಯದಿರಲೆಂದು ಬೇಲಿಗೂಟಕ್ಕೆ ವೇಸ್ಟ್ ಆಯಿಲ್ ಬಳಿಯುವುದನ್ನು ಹುಟ್ಟಿದಂದಿನಿಂದ ಕಂಡವನು ನಾನು. ಎರಡನೆಯ ಯೋಚನೆಯೇ ಬರಲಿಲ್ಲ. ಬಿಳಿಯ ಹಿಮದ ಮೇಲೆ ಕಂದು ಕಲೆ ಎದ್ದು ಕಾಣುತ್ತಿತ್ತು. ಸಂಜೆ ಮೊಮ್ಮಗಳು ಅದನ್ನು ಕಂಡು, "ಅಜ್ಜ, ಹಿಮ ಕರಗಿದ ಮೇಲೆ ಇದು ಎಲ್ಲಿಗೆ ಹೋಗತ್ತೆ?" ಎಂದು ಕೇಳಿದಳು. ಏಳು ವರ್ಷದ ಮಗು. ನೀರಿನ ಚಕ್ರದ ಚಿತ್ರವನ್ನು ನಾನು ಎಷ್ಟು ತಂಡಗಳಿಗೆ ಬರೆಸಿದ್ದೆನೋ ಲೆಕ್ಕವಿಲ್ಲ. ಆ ಕ್ಷಣ ನನ್ನಲ್ಲಿ ಉತ್ತರವಿರಲಿಲ್ಲ. ಕರಗಿದ ಹಿಮ ಮೋರಿಗೆ, ಮೋರಿಯಿಂದ ಕೆರೆಗೆ, ಕೊನೆಗೆ ಆ ಊರಿನ ನಡುವೆಯೇ ಹರಿಯುವ ಮಿಸಿಸಿಪ್ಪಿ ನದಿಗೆ. ಒಂದು ಕಾರಿನ ಒಂದು ಬಾರಿಯ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಸಲಿಕೆ ತೆಗೆದುಕೊಂಡು ಕಲೆಯಾದ ಹಿಮವನ್ನೆಲ್ಲ ಅಗೆದು ಬಕೆಟ್ಟಿಗೆ ತುಂಬಿದೆ; ಮೊಮ್ಮಗಳು ದೀಪ ಹಿಡಿದು ನಿಂತಿದ್ದಳು.

ಅಂದಿನಿಂದ ಹೆಸರು ಬರೆದ, ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಡುತ್ತಿದ್ದೆವು. ಆ ದೇಶದಲ್ಲಿ ಬಳಸಿದ ಇಂಜಿನ್ ಆಯಿಲನ್ನು ಅನೇಕ ಬಿಡಿಭಾಗದ ಅಂಗಡಿಗಳೇ ತೆಗೆದುಕೊಳ್ಳುತ್ತವೆ. ಆದರೆ ನೀರು, ಪೆಟ್ರೋಲ್ ಬೆರೆತದ್ದನ್ನು ಬೇಡವೆನ್ನುವವರಿದ್ದಾರೆ. ಆದ್ದರಿಂದ ಮೊದಲೇ ಕೇಳಿ, ಬೇಡವೆಂದರೆ ಮನೆಗಳ ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವ ಸರ್ಕಾರಿ ಕೇಂದ್ರಕ್ಕೆ ಕೊಡಬೇಕು. ಒಳ್ಳೆಯ ಹಳೆಯ ಎಣ್ಣೆಯ ಜೊತೆ ಇದನ್ನು ಬೆರೆಸಿದರೆ ಅದೂ ಕೆಡುತ್ತದೆ, ಬೇರೆಯಾಗಿಯೇ ಇಡಿ.

ಈ ಪ್ರಸಂಗ ನಡೆದಾಗ ನನಗೆ ನಮ್ಮ ಶಾಲೆಯೊಂದರ ನೀರಿನ ಫಿಲ್ಟರ್ ನೆನಪಾಯಿತು. ಯಾವ ಶಾಲೆ ಎಂದು ಹೇಳುವುದು ಬೇಡ, ಓದಿದವರಿಗೆ ಗೊತ್ತಾಗುತ್ತದೆ. ದಾನಿಗಳು ದೊಡ್ಡ ಫಿಲ್ಟರ್ ಕೊಟ್ಟರು; ಹಾರ, ಭಾಷಣ, ಛಾಯಾಚಿತ್ರ ಎಲ್ಲವೂ ಆಯಿತು. ಕ್ಯಾಂಡಲ್ ತೊಳೆಯುವವರು ಯಾರೆಂದು ಆ ದಿನ ಯಾರೂ ಕೇಳಲಿಲ್ಲ. ಎರಡು ವರ್ಷದ ನಂತರ ತೆರೆದು ನೋಡಿದಾಗ ಒಳಗೆ ಬೆರಳು ದಪ್ಪದ ಲೋಳೆ. ಬಾವಿಯ ನೀರೇ ಅದಕ್ಕಿಂತ ಶುದ್ಧವಾಗಿತ್ತು! ಆ ಮೇಲೆಯೇ ಅಲ್ಲವೇ ನಾನು ಒಂಬತ್ತನೆಯ ತರಗತಿಯ ಬಾಗಿಲ ಹಿಂದೆ ಪಾಳಿಯ ಪಟ್ಟಿ ಅಂಟಿಸಿದ್ದು? ಪ್ರತಿ ಶನಿವಾರ ಇಬ್ಬರು ತೊಳೆದು ಸಹಿ ಹಾಕಬೇಕು. ಸಹಿ ಹಾಕಿ ತೊಳೆಯದೆ ಸಿಕ್ಕಿಬಿದ್ದು ಮೈದಾನ ಸುತ್ತಿದವರು ಈಗ ದೊಡ್ಡ ಹುದ್ದೆಗಳಲ್ಲಿದ್ದಾರೆ. ಹೆಸರು ಬರೆಯುವುದಿಲ್ಲ, ಅಂಜಬೇಡಿ.

ಸೋಸುವ, ಹಿಡಿಯುವ, ತಡೆಯುವ ಯಾವ ಸಾಧನವಾದರೂ ಕೊಳೆಯನ್ನು ನಾಶ ಮಾಡುವುದಿಲ್ಲ, ಒಂದು ಕಡೆ ಕೂಡಿಡುತ್ತದೆ ಅಷ್ಟೆ. ಅಲ್ಲಿಂದ ಮುಂದಕ್ಕೆ ಒಯ್ಯುವುದು ಮನುಷ್ಯನ ಕೆಲಸ. ಆ ಕೆಲಸಕ್ಕೆ ಹೆಸರಿಲ್ಲ, ಹಾರವಿಲ್ಲ. ಸಾಧನ ಕೊಳ್ಳುವ ದಿನವೇ ಅದನ್ನು ಯಾರು, ಯಾವಾಗ ಶುಚಿ ಮಾಡುವುದೆಂದು ತೀರ್ಮಾನಿಸದಿದ್ದರೆ ಕೊಳ್ಳದಿರುವುದೇ ಲೇಸು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಗನ ಮನೆಯ ಫ್ರಿಜ್ಜಿನ ಬಾಗಿಲಿಗೂ ನಾನು ಅಂಥದೇ ಒಂದು ಪಟ್ಟಿ ಅಂಟಿಸಿ ಬಂದೆ. ನವೆಂಬರಿನಿಂದ ಮಾರ್ಚಿಯವರೆಗೆ, ಪ್ರತಿ ಭಾನುವಾರ ಒಂದು ಚೌಕ. ಈಗಲೂ ಪ್ರತಿ ಚಳಿಗಾಲ ಅದು ನಡೆದುಬಂದಿದೆ. ಬರಿದು ಮಾಡುವವನು ಮಗ, ಗುರುತು ಹಾಕುವವಳು ಮೊಮ್ಮಗಳು. ಒಂದು ವಾರ ತಪ್ಪಿದರೆ ಅವಳು ನನಗೆ ದೂರು ಹೇಳುತ್ತಾಳೆ!

ಕೆನಡಾದ ನನ್ನ ಶಿಷ್ಯನಿಗೆ ಅಂದೇ ರಾತ್ರಿ ಡಬ್ಬಿ ತೆರೆದು ನೋಡಲು ಹೇಳಿದೆ. ಮುಕ್ಕಾಲು ತುಂಬಿತ್ತಂತೆ. ನಿಮ್ಮಲ್ಲಿ ಇನ್ನಾರಾದರೂ ಇಂಥ ಡಬ್ಬಿ ಇಟ್ಟುಕೊಂಡು ಮರೆತಿದ್ದರೆ, ಇದನ್ನು ಓದಿ ಮುಗಿಸಿದ ಕೂಡಲೇ ಕೈಗವಸು ತೊಟ್ಟು ಗ್ಯಾರೇಜಿಗೆ ಹೋಗಿ. ಕಾರಿನಲ್ಲಿ ಒಂದು ಕಂಬಳಿಯನ್ನೂ ಇಟ್ಟಿರಿ.